ವಾರದ ಗುಳಿಗೆಗೆ ಹೆದರಿ ಹೆಸರಿಲ್ಲದ ಪುಡಿ ನುಂಗಬೇಕೇ?

ಪ್ರಶ್ನೆ: ನನಗೆ 34 ವರ್ಷ. ಬ್ಯಾಡಗಿ ಹತ್ತಿರದ ಹಳ್ಳಿ. ಹಂಗಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತೇನೆ. ಹೋದ ವರ್ಷ ಮಳೆಗಾಲದಲ್ಲಿ ಜ್ವರ ಬಂದು ಮೈಕೈ ಹಿಡಿದುಕೊಂಡಿತ್ತು. ಊರಲ್ಲಿ ಹಲವರಿಗೆ ಹಾಗೆಯೇ ಆಗಿ, ಎಲ್ಲರೂ ಚಿಕೂನ್‌ಗುನ್ಯಾ ಎಂದರು. ಜ್ವರ ಹೋಯಿತು. ಎರಡು ತಿಂಗಳ ನಂತರ ಎರಡೂ ಕೈಗಳ ಬೆರಳ ಗೆಣ್ಣು ಮತ್ತು ಮಣಿಕಟ್ಟು ಬಾತುಕೊಂಡವು. ಈಗ ಹತ್ತು ತಿಂಗಳಾಯಿತು. ಮುಂಜಾನೆ ಮುಷ್ಟಿ ಕಟ್ಟಲು ಬರುವುದಿಲ್ಲ, ರೊಟ್ಟಿ ಬಡಿಯಲು ಆಗುವುದಿಲ್ಲ, ಹತ್ತು ಗಂಟೆಯ ಮೇಲೆ ಕೈ ಸಡಿಲಾಗುತ್ತದೆ. ಏಳು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಆರ್‌ಎ ಫ್ಯಾಕ್ಟರ್ 64, ಇಎಸ್‌ಆರ್ 68, ಹಿಮೋಗ್ಲೋಬಿನ್ 9.2, ಯೂರಿಕ್ ಆ್ಯಸಿಡ್ 5.1 ಇತ್ತು, ಎಕ್ಸ್‌ರೇ ನಾರ್ಮಲ್ ಎಂದರು. ಡಾಕ್ಟರು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ 15 ಮಿಲಿಗ್ರಾಂ ಬರೆದುಕೊಟ್ಟರು. ಔಷಧಿ ಅಂಗಡಿಯಲ್ಲಿ ‘ಇದು ಕ್ಯಾನ್ಸರ್ ಗುಳಿಗೆ’ ಎಂದದ್ದಕ್ಕೆ ಹೆದರಿ ತೆಗೆದುಕೊಳ್ಳಲಿಲ್ಲ. ಸಂಬಂಧಿಕರು ತಂದುಕೊಟ್ಟ ಒಂದು ಪುಡಿಯನ್ನು ಆರು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ. ಎರಡೇ ದಿನಕ್ಕೆ ನೋವು ಹೋಯಿತು. ಆದರೆ ಮುಖ ದುಂಡಗಾಗಿದೆ, ತೂಕ ಏರಿದೆ, ಪುಡಿ ಮುಗಿದು ಮೂರು ದಿನ ತಪ್ಪಿದಾಗ ನೋವು ಇಮ್ಮಡಿಯಾಗಿ, ವಾಂತಿಯಾಗಿ, ಏಳಲಾಗದಷ್ಟು ನಿಶ್ಶಕ್ತಿ ಬಂತು. ಅತ್ತೆಯವರು ಬದನೆಕಾಯಿ, ಬಟಾಟೆ, ಮೊಸರು ಬಿಡಿಸಿದ್ದಾರೆ. ಇದು ಚಿಕೂನ್‌ಗುನ್ಯಾದ ನೋವೇ ಅಥವಾ ಸಂಧಿವಾತವೇ? ಆ ಗುಳಿಗೆ ನಿಜವಾಗಿ ಕ್ಯಾನ್ಸರಿನದೇ? ನಮಗೆ ಇನ್ನೊಂದು ಮಗು ಬೇಕೆಂದಿದೆ, ಆಗುತ್ತದೆಯೇ? ನನ್ನ ಮಗಳಿಗೂ ಇದು ಬರುತ್ತದೆಯೇ?

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಕೇಳದೆ ಬಿಟ್ಟ ಐದನೆಯದು ಆ ಪುಡಿಯದು. ಉಳಿದ ನಾಲ್ಕಕ್ಕೆ ನಿಧಾನವಾಗಿ ಉತ್ತರ ಹುಡುಕಬಹುದು, ಇದಕ್ಕೆ ಮಾತ್ರ ಈ ವಾರವೇ ಏನಾದರೂ ಮಾಡಬೇಕಾಗಿದೆ. ಆದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಪುಡಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಅದರಲ್ಲಿ ಏನಿದೆ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೂ ಎರಡೇ ದಿನದಲ್ಲಿ ಇಳಿದ ಬಾವು, ದುಂಡಗಾದ ಮುಖ, ಏರಿದ ತೂಕ, ತಪ್ಪಿಸಿದ ಮೂರನೆಯ ದಿನಕ್ಕೆ ವಾಂತಿ ಮತ್ತು ನಿಶ್ಶಕ್ತಿ, ಇವೆಲ್ಲ ಒಂದೇ ಕಡೆ ಬೆರಳು ತೋರಿಸುತ್ತವೆ. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಭವ ಬಹಳ ಹೆಚ್ಚು. ಇದನ್ನು ಓದಿದ ಕೂಡಲೇ ಹೆದರಿ ಪುಡಿಯನ್ನು ಒಮ್ಮೆಲೇ ಬಿಟ್ಟುಬಿಡಬೇಡಿ. ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಅಡ್ರಿನಲ್ ಎಂಬ ಸಣ್ಣ ಗ್ರಂಥಿಗಳಿವೆ. ದೇಹಕ್ಕೆ ಬೇಕಾದ ಸ್ಟೀರಾಯ್ಡನ್ನು ಅವೇ ದಿನವೂ, ಅದರಲ್ಲೂ ಬೆಳಗಿನ ಜಾವ ಹೆಚ್ಚಾಗಿ, ತಯಾರಿಸುತ್ತವೆ. ಹೊರಗಿನಿಂದ ತಿಂಗಳುಗಟ್ಟಲೆ ಸ್ಟೀರಾಯ್ಡ್ ಬರುತ್ತಿದ್ದರೆ ಅವು ಕೆಲಸ ನಿಲ್ಲಿಸಿ ಮಲಗಿಬಿಡುತ್ತವೆ. ಹಾಗೆ ಮಲಗಿರುವಾಗ ಹೊರಗಿನ ಪೂರೈಕೆಯೂ ಥಟ್ಟನೆ ನಿಂತರೆ ರಕ್ತದೊತ್ತಡ ಕುಸಿಯಬಹುದು, ಸಕ್ಕರೆ ಇಳಿಯಬಹುದು, ಜೊತೆಗೊಂದು ಜ್ವರವೋ ಭೇದಿಯೋ ಸೇರಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಆ ಮೂರು ದಿನಗಳಲ್ಲಿ ನಿಮಗೆ ಆದದ್ದು ಇದರ ಮುನ್ಸೂಚನೆಯಾಗಿರಬಹುದು. ಎರಡು ಮೂರು ದಿನಗಳ ಒಳಗೆ ವೈದ್ಯರನ್ನು ಕಂಡು, ಪುಡಿಯ ವಿಷಯವನ್ನು ಮುಚ್ಚಿಡದೆ ಹೇಳಿ. ಅವರು ಅದರ ಬದಲಿಗೆ ಅಳತೆ ಗೊತ್ತಿರುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ಕೊಟ್ಟು, ವಾರಗಳ ಲೆಕ್ಕದಲ್ಲಿ, ಕೆಲವೊಮ್ಮೆ ತಿಂಗಳುಗಳ ಲೆಕ್ಕದಲ್ಲಿ, ಹಂತ ಹಂತವಾಗಿ ಇಳಿಸುತ್ತಾರೆ. ಕೊನೆಯ ಹಂತದಲ್ಲಿ ಮುಂಜಾನೆ ಎಂಟರ ಸುಮಾರಿಗೆ ರಕ್ತದಲ್ಲಿ ಕಾರ್ಟಿಸೋಲ್ ಎಂಬ ದೇಹದ್ದೇ ಸ್ಟೀರಾಯ್ಡ್ ಎಷ್ಟಿದೆ ಎಂದು ನೋಡಿ, ಗ್ರಂಥಿ ಎಚ್ಚರಗೊಂಡಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದುಂಟು. ಈ ನಡುವೆ ವಾಂತಿ ಶುರುವಾಗಿ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಅಥವಾ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುವಂತಿದ್ದರೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ‘ಆರು ತಿಂಗಳಿಂದ ಸ್ಟೀರಾಯ್ಡ್ ಇರಬಹುದಾದ ಪುಡಿ ತಿಂದಿದ್ದೇನೆ’ ಎಂಬ ಒಂದು ವಾಕ್ಯವನ್ನು ಮೊದಲು ಹೇಳಿ.

ಪುಡಿ ತಂದುಕೊಟ್ಟವರ ಮೇಲೆ ಸಿಟ್ಟಾಗಬೇಕಿಲ್ಲ. ಅವರಿಗೂ ಅದರಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ. ಎದ್ದು ಕೂರಲಾರದವರು ಎದ್ದು ನಡೆದದ್ದನ್ನು ಕಣ್ಣಾರೆ ಕಂಡಿರುತ್ತಾರೆ, ಆದ್ದರಿಂದಲೇ ನಂಬಿರುತ್ತಾರೆ. ಆ ಪವಾಡವನ್ನು ವೈದ್ಯಲೋಕವೂ ಒಮ್ಮೆ ಕಂಡು ಬೆರಗಾಗಿತ್ತು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು, ನಿಮಗಿರುವಂಥದೇ ಬೇನೆಯಿಂದ ನಡೆಯಲಾರದೆ ಇದ್ದ ಒಬ್ಬ ಯುವತಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡಿನ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಹೆಂಚ್ ಮತ್ತು ಅವರ ಇಬ್ಬರು ಸಹ ಸಂಶೋಧಕರಿಗೆ ನೊಬೆಲ್ ಬಹುಮಾನವೂ ಬಂತು. ಮುಖ ಊದುವುದು, ಮೂಳೆ ಸವೆಯುವುದು, ಸಕ್ಕರೆ ಏರುವುದು, ಕಣ್ಣಿಗೆ ಪೊರೆ ಬರುವುದು, ಸೋಂಕು ಮೈಗೇರುವುದು, ಇವು ನಂತರ ಒಂದೊಂದಾಗಿ ಬೆಳಕಿಗೆ ಬಂದವು. ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ, ನಾನೂ ದಿನವೂ ಬರೆಯುತ್ತೇನೆ. ಎಷ್ಟು, ಎಷ್ಟು ದಿನ, ಯಾವಾಗ ಇಳಿಸುವುದು ಎಂಬ ಮೂರು ಲೆಕ್ಕಗಳಿಲ್ಲದೆ ತೆಗೆದುಕೊಂಡ ಸ್ಟೀರಾಯ್ಡ್ ಕೆಟ್ಟದ್ದು. ಆಯುರ್ವೇದದ ಮೇಲೆ ನನ್ನ ತಕರಾರಿಲ್ಲ. ಯಾವ ಪದ್ಧತಿಯ ಔಷಧಿಯೇ ಆಗಲಿ, ಅದರ ಮೇಲೆ ಒಳಗೇನಿದೆ, ಯಾರು ತಯಾರಿಸಿದ್ದು, ಯಾವ ಪರವಾನಗಿಯಲ್ಲಿ ಎಂಬುದು ಅಚ್ಚಾಗಿರಬೇಕು. ಬಿಳಿ ಚೀಟಿಯಲ್ಲಿ ಕಟ್ಟಿದ ಪುಡಿಗೆ ಆ ಮೂರೂ ಇರುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. 2006ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯಾ ದೊಡ್ಡದಾಗಿ ಹಬ್ಬಿದ ಮೇಲೆ ನಮ್ಮ ಭಾಗದಲ್ಲಿ ಯಾವ ಕೀಲು ಹಿಡಿದರೂ ‘ಚಿಕೂನ್‌ಗುನ್ಯಾ ಬಿಟ್ಟುಹೋದ ನೋವು’ ಎನ್ನುವುದು ರೂಢಿಯಾಗಿದೆ. ಆ ಮಾತಿನಲ್ಲಿ ನಿಜವೂ ಇದೆ. ಆ ವೈರಸ್ಸಿನ ನಂತರ ಕೆಲವರಿಗೆ ತಿಂಗಳುಗಟ್ಟಲೆ, ವರ್ಷ ದಾಟಿಯೂ ಕೀಲುಗಳ ಬಾವು ಉಳಿಯುತ್ತದೆ, ಮತ್ತು ಅದು ರುಮಟಾಯ್ಡ್ ಸಂಧಿವಾತವನ್ನು ಎಷ್ಟು ಹೋಲುತ್ತದೆ ಎಂದರೆ ಅನುಭವಿಗಳಿಗೂ ಮೊದಲ ನೋಟಕ್ಕೆ ಬೇರ್ಪಡಿಸುವುದು ಕಷ್ಟ. ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಎರಡನೆಯದರ ಕಡೆ ವಾಲುತ್ತದೆ. ಜ್ವರದ ನೋವು ಎಳೆದುಕೊಂಡು ಬಂದದ್ದಲ್ಲ, ನಡುವೆ ಎರಡು ತಿಂಗಳು ಬಿಡುವಿತ್ತು. ಎರಡೂ ಕೈಗಳಲ್ಲಿ, ಸಣ್ಣ ಕೀಲುಗಳಲ್ಲಿ, ಸಮಸಮನಾಗಿ ಬಾವು ಬಂದಿದೆ. ಮುಂಜಾನೆಯ ಬಿಗಿತ ಗಂಟೆಗಟ್ಟಲೆ ಇರುತ್ತದೆ. ಉರಿಯೂತದ ಅಳತೆಯಾದ ಇಎಸ್‌ಆರ್ ಏರಿದೆ, ಈ ಬೇನೆಯವರ ರಕ್ತದಲ್ಲಿ ಹೆಚ್ಚಾಗಿ ಸಿಗುವ ಆರ್‌ಎ ಫ್ಯಾಕ್ಟರ್ ಎಂಬ ಪ್ರತಿಕಾಯ ಮಿತಿಗಿಂತ ಬಹಳ ಮೇಲಿದೆ.

ಆದರೆ ಆ 64 ಎಂಬ ಅಂಕಿಯನ್ನು ತೀರ್ಪೆಂದು ಓದಬೇಡಿ. ‘ನನಗೆ ಆರ್‌ಎ ಫ್ಯಾಕ್ಟರ್ ಬಂದಿದೆ’ ಎಂದು ಕಣ್ಣೀರಿಡುತ್ತ ಬಂದವರಲ್ಲಿ ಎಷ್ಟೋ ಜನರಿಗೆ ಈ ಬೇನೆಯೇ ಇರುವುದಿಲ್ಲ. ಆರೋಗ್ಯವಂತರಲ್ಲೂ ನೂರಕ್ಕೆ ಸುಮಾರು ಐವರಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಕ್ಷಯ, ಹೆಪಟೈಟಿಸ್ ಸಿ, ಕುಷ್ಠದಂಥ ದೀರ್ಘ ಸೋಂಕುಗಳಲ್ಲೂ ಏರುತ್ತದೆ. ಇನ್ನೊಂದು ಕಡೆ, ನಿಜವಾದ ರುಮಟಾಯ್ಡ್ ಇರುವವರಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಜನರಲ್ಲಿ ಅದು ನೆಗೆಟಿವ್ ಬರುತ್ತದೆ. ನಿಮಗೆ ಮಾಡಿಸದೆ ಉಳಿದ ಪರೀಕ್ಷೆ ಆ್ಯಂಟಿ ಸಿಸಿಪಿ. ಅದು ಪಾಸಿಟಿವ್ ಬಂದರೆ ಸುಳ್ಳಾಗುವ ಸಾಧ್ಯತೆ ತೀರ ಕಡಿಮೆ, ಮತ್ತು ಬೇನೆ ಮೂಳೆಯನ್ನು ಕೊರೆಯುವ ಜಾತಿಯದೇ ಎಂಬ ಸುಳಿವನ್ನೂ ಕೊಡುತ್ತದೆ. ಯೂರಿಕ್ ಆ್ಯಸಿಡ್ 5.1 ಸಹಜವೇ. ಈ ವಯಸ್ಸಿನ, ಮುಟ್ಟು ನಿಲ್ಲದ ಹೆಣ್ಣುಮಕ್ಕಳಲ್ಲಿ ಯೂರಿಕ್ ಆ್ಯಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರುವ ಗೌಟ್ ಬಹಳ ಅಪರೂಪ. ಹಿಮೋಗ್ಲೋಬಿನ್ 9.2ಕ್ಕೆ ಇಳಿದಿರುವುದಕ್ಕೆ ಕಬ್ಬಿಣದ ಕೊರತೆಯ ಜೊತೆಗೆ ಈ ಉರಿಯೂತವೂ ಕಾರಣವಾಗಿರಬಹುದು. ಹಾಗಿದ್ದರೆ ಬರಿಯ ಕಬ್ಬಿಣದ ಗುಳಿಗೆಯಿಂದ ಅದು ಪೂರ್ತಿ ಏರುವುದಿಲ್ಲ.

ಕಾಗದಗಳಿಗಿಂತ ಹೆಚ್ಚು ಹೇಳುವುದು ಕೈ. ಬಂದವರಿಗೆ ನಾನು ಮೊದಲು ಮುಷ್ಟಿ ಕಟ್ಟಲು ಹೇಳುತ್ತೇನೆ. ಆರೋಗ್ಯದ ಕೈಯಲ್ಲಿ ಮುಷ್ಟಿ ಕಟ್ಟಿದಾಗ ಗೆಣ್ಣುಗಳು ಗುಡ್ಡಗಳಂತೆ ಎದ್ದು, ಎರಡು ಗೆಣ್ಣುಗಳ ನಡುವೆ ಸ್ಪಷ್ಟವಾದ ಕಣಿವೆ ಬೀಳುತ್ತದೆ. ರುಮಟಾಯ್ಡ್ ಬಾವಿನಲ್ಲಿ ಆ ಕಣಿವೆಗಳು ತುಂಬಿಕೊಂಡು ಗೆಣ್ಣಿನ ಸಾಲು ಸಪಾಟಾಗಿಬಿಡುತ್ತದೆ. ಆಮೇಲೆ ಒಂದೊಂದೇ ಗೆಣ್ಣನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಒತ್ತುತ್ತೇನೆ. ವಯಸ್ಸಿನ ಸವೆತದ ಗಂಟು ಗೋಲಿಯ ಹಾಗೆ ಗಟ್ಟಿಯಾಗಿ ಹತ್ತುತ್ತದೆ. ಉರಿಯೂತದ ಬಾವು ಮಾಗಿದ ದ್ರಾಕ್ಷಿ ಒತ್ತಿದಂತೆ ಮೆತ್ತಗೆ ಒಳಸರಿದು ಮತ್ತೆ ಎದ್ದುಬರುತ್ತದೆ. ಕೊನೆಗೆ ಕೈಕುಲುಕುವವರಂತೆ ನಾಲ್ಕೂ ಗೆಣ್ಣುಗಳನ್ನು ಸೇರಿಸಿ ಸ್ವಲ್ಪ ಅದುಮಿದರೆ ಸಾಕು, ಮುಖ ಕಿವುಚಿಕೊಳ್ಳುತ್ತಾರೆ. ‘ಮುಂಜಾನೆ ಮುಷ್ಟಿ ಕಟ್ಟಾಕ ಆಗೂದಿಲ್ರಿ, ಹತ್ತ ಗಂಟೆ ಆದ ಮ್ಯಾಲೆ ಸಡ್ಲ ಆಗ್ತಾವ್ರಿ’ ಎಂಬ ಮಾತನ್ನು ಧಾರವಾಡ, ಗದಗ, ಹಾವೇರಿ ಕಡೆಯ ಹೆಣ್ಣುಮಕ್ಕಳಿಂದ ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ದುಡಿದು ಸವೆದ ಕೀಲು ಸಂಜೆಗೆ ನೋಯುತ್ತದೆ, ವಿಶ್ರಾಂತಿಯಿಂದ ಇಳಿಯುತ್ತದೆ. ಉರಿಯೂತದ ಕೀಲು ವಿಶ್ರಾಂತಿಯಲ್ಲೇ ಬಿಗಿಯುತ್ತದೆ, ಆಡಿಸಿದಂತೆ ಸಡಿಲಾಗುತ್ತದೆ.

ಒಂದು ಎಚ್ಚರಿಕೆ: ಪುಡಿಯ ಪ್ರಭಾವದಲ್ಲಿರುವಾಗ ಬಾವು ಇಳಿದಿರುತ್ತದೆ, ಇಎಸ್‌ಆರ್ ಸಹ ಇಳಿದು ಕಾಣಬಹುದು. ವಿಷಯ ತಿಳಿಯದ ವೈದ್ಯರು ‘ಏನೂ ಇಲ್ಲ’ ಎಂದು ಕಳುಹಿಸಿಬಿಟ್ಟರೆ ಅದು ಅವರ ತಪ್ಪಲ್ಲ. ಏಳು ತಿಂಗಳ ಹಿಂದಿನ ನಾರ್ಮಲ್ ಎಕ್ಸ್‌ರೇಯನ್ನು ಇಂದಿನದೆಂದು ನಂಬುವುದೂ ಬೇಡ. ಎರಡೂ ಕೈ ಮತ್ತು ಎರಡೂ ಪಾದಗಳ ಎಕ್ಸ್‌ರೇ ಹೊಸದಾಗಿ ತೆಗೆಸಿ. ಈ ಬೇನೆಯ ಮೊದಲ ಕಚ್ಚು ಹಲವರಲ್ಲಿ ಪಾದದ ಕಿರುಬೆರಳ ಬುಡದಲ್ಲೇ ಕಾಣಿಸುತ್ತದೆ, ಅಲ್ಲಿ ನೋವಿಲ್ಲದಿದ್ದರೂ.

ಕೀಲಿನೊಳಗೆ ಆಗುವುದೇನು ಎಂಬುದನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಔಷಧಿಯ ಬಗೆಗಿನ ನಿಮ್ಮ ಹೆದರಿಕೆಗೆ ಉತ್ತರ ಅಲ್ಲಿದೆ. ನಮ್ಮ ರೋಗನಿರೋಧಕ ವ್ಯವಸ್ಥೆ ಹೊರಗಿನಿಂದ ಬಂದ ಕ್ರಿಮಿಯನ್ನು ಗುರುತಿಸಿ ಹೊಡೆಯುವ ಕಾವಲುಪಡೆ. ಈ ಬೇನೆಯಲ್ಲಿ ಅದು ದೇಹದ್ದೇ ಆದ, ರಚನೆಯಲ್ಲಿ ಅಷ್ಟಿಷ್ಟು ಬದಲಾದ ಕೆಲವು ಪ್ರೋಟೀನುಗಳನ್ನು ಪರಕೀಯ ಎಂದು ತಿಳಿದು ಪ್ರತಿಕಾಯಗಳನ್ನು ತಯಾರಿಸತೊಡಗುತ್ತದೆ. ಆ್ಯಂಟಿ ಸಿಸಿಪಿ ಎಂದರೆ ಇವೇ. ಮೊದಲ ನೋವು ಕಾಣಿಸುವುದಕ್ಕೆ ವರ್ಷಗಳ ಹಿಂದೆಯೇ ಇವು ರಕ್ತದಲ್ಲಿ ಇರಬಹುದು. ಧೂಮಪಾನ, ಒಸಡಿನ ದೀರ್ಘಕಾಲದ ಸೋಂಕು ಇವು ಈ ಬದಲಾವಣೆಗೆ ಇಂಬು ಕೊಡುತ್ತವೆ. ಮೆಣಸಿನಕಾಯಿ ತೊಟ್ಟು ಬಿಡಿಸಿದ್ದರಿಂದ, ನೀರಿನಲ್ಲಿ ಕೈಯಾಡಿಸಿದ್ದರಿಂದ, ತಂಪಿನಿಂದ ಇದು ಬರುವುದಿಲ್ಲ. ಕೀಲಿನ ಒಳಪೊರೆ ಸಹಜವಾಗಿ ತೆಳುವಾದದ್ದು. ಉರಿಯೂತ ಎದ್ದ ಮೇಲೆ ಅದು ದಪ್ಪವಾಗಿ ಬೆಳೆದು, ಮೃದ್ವಸ್ಥಿಯ ಮೇಲೆ ಹರಡಿ, ಅಂಚಿನಲ್ಲಿ ಮೂಳೆಯನ್ನು ಕೊರೆಯತೊಡಗುತ್ತದೆ. ಹಾಗೆ ಕೊರೆದ ಮೂಳೆ ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದಲೇ ಮೊದಲ ಮೂರರಿಂದ ಆರು ತಿಂಗಳ ಒಳಗೆ ಸರಿಯಾದ ಚಿಕಿತ್ಸೆ ಶುರುವಾದವರ ಕೈಗೂ, ಎರಡು ವರ್ಷ ತಡವಾಗಿ ಬಂದವರ ಕೈಗೂ ಹತ್ತು ವರ್ಷದ ನಂತರ ಇಷ್ಟೊಂದು ಅಂತರ ಕಾಣುತ್ತದೆ. ನಿಮಗೆ ಹತ್ತು ತಿಂಗಳಾಗಿದೆ. ತಡವಾಗಿದೆ, ಕೈಮೀರಿಲ್ಲ.

ನೋವು ಹೋಗುವುದು ಬೇರೆ, ಬೇನೆ ಹಿಡಿತಕ್ಕೆ ಬರುವುದು ಬೇರೆ. ನೋವಿನ ಗುಳಿಗೆ ನೋವನ್ನಷ್ಟೇ ಇಳಿಸುತ್ತದೆ, ಒಳಗೆ ಕೊರೆತ ನಡೆದೇ ಇರುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುತ್ತದೆ, ಆದರೆ ವರ್ಷಗಟ್ಟಲೆ ಅದರ ಮೇಲೆಯೇ ನಿಲ್ಲುವ ಬೆಲೆಯನ್ನು ಮೂಳೆ, ಕಣ್ಣು, ಹೃದಯಗಳು ತೆರಬೇಕಾಗುತ್ತದೆ. ಬೇನೆಯ ನಡೆಯನ್ನೇ ಬದಲಿಸುವ ಔಷಧಿಗಳು ಬೇರೆ ಇವೆ. ಅವುಗಳಲ್ಲಿ ಮೊದಲನೆಯದು ನೀವು ಹೆದರಿ ಬಿಟ್ಟ ಮೆಥೋಟ್ರೆಕ್ಸೇಟ್.

ಅದು ಕ್ಯಾನ್ಸರಿಗೂ ಬಳಸುವ ಔಷಧಿ ಎಂಬುದು ನಿಜ, ಅಂಗಡಿಯವರು ಸುಳ್ಳು ಹೇಳಲಿಲ್ಲ. ಅದರ ಚರಿತ್ರೆಯಲ್ಲಿ ನಮ್ಮವರೊಬ್ಬರಿದ್ದಾರೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡ ಫೋಲಿಕ್ ಆಮ್ಲ ಎಂಬ ಬಿ ಜೀವಸತ್ವವನ್ನೂ, ಅದನ್ನು ತಡೆಯುವ ಔಷಧಿಗಳನ್ನೂ ತಯಾರಿಸಿತು. ಮೆಥೋಟ್ರೆಕ್ಸೇಟ್ ಆ ಬಳಗದ್ದೇ. ಆ ಬಳಗದ ಒಂದು ಔಷಧಿಯಿಂದ 1948ರಲ್ಲಿ ಸಿಡ್ನಿ ಫಾರ್ಬರ್ ಮಕ್ಕಳ ರಕ್ತದ ಕ್ಯಾನ್ಸರನ್ನು ಮೊದಲ ಬಾರಿಗೆ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿಸಿದರು. 1951ರಲ್ಲಿಯೇ ಅದನ್ನು ಸಂಧಿವಾತಕ್ಕೂ ಪ್ರಯತ್ನಿಸಿ ನೋಡಲಾಯಿತು. ಮೆಥೋಟ್ರೆಕ್ಸೇಟನ್ನು ಈ ಬೇನೆಗೆ ಕಡಿಮೆ ಪ್ರಮಾಣದಲ್ಲಿ ಬಳಸಲು ಅಮೆರಿಕದ ಔಷಧ ನಿಯಂತ್ರಕರು 1988ರಲ್ಲಿ ಒಪ್ಪಿಗೆ ಕೊಟ್ಟರು. ಕೆಲವು ಕ್ಯಾನ್ಸರುಗಳಲ್ಲಿ ಒಂದೇ ಸಲಕ್ಕೆ ಗ್ರಾಂಗಳ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡುವ ಔಷಧಿಯನ್ನು ನಿಮಗೆ ವಾರಕ್ಕೆ 15 ಮಿಲಿಗ್ರಾಂ ಬರೆದಿದ್ದಾರೆ. ಸಾವಿರ ಮಿಲಿಗ್ರಾಂ ಸೇರಿದರೆ ಒಂದು ಗ್ರಾಂ. ಈ ಪ್ರಮಾಣದಲ್ಲಿ ಅದು ಜೀವಕೋಶಗಳನ್ನು ಕೊಲ್ಲಲು ಅಲ್ಲ, ದಾರಿ ತಪ್ಪಿದ ಕಾವಲುಪಡೆಯನ್ನು ಸಮಾಧಾನಕ್ಕೆ ತರಲು ಕೆಲಸ ಮಾಡುತ್ತದೆ. ಈ ಗುಳಿಗೆ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಬೆಲೆಯೂ ಕಡಿಮೆ.

ಅಪಾಯವಿಲ್ಲ ಎಂದು ನಾನು ಹೇಳುವುದಿಲ್ಲ. ಅತಿ ದೊಡ್ಡ ಅಪಾಯ ಔಷಧಿಯದಲ್ಲ, ದಿನದ ಲೆಕ್ಕ ತಪ್ಪುವುದರದು. ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ್ದನ್ನು ದಿನಾ ತೆಗೆದುಕೊಂಡು ಬಂದ ಒಬ್ಬ ಅಜ್ಜಿಯನ್ನು ನಾನು ಮರೆಯಲಾರೆ. ಬಾಯಿ, ನಾಲಿಗೆ, ತುಟಿಯ ಒಳಭಾಗವೆಲ್ಲ ಹುಣ್ಣಾಗಿ ನೀರು ನುಂಗಲೂ ಆಗದೆ, ಮಗನ ತೋಳಿಗೆ ಒರಗಿಕೊಂಡು ಬಂದಿದ್ದರು. ಬಿಳಿ ರಕ್ತಕಣಗಳು ಪಾತಾಳಕ್ಕಿಳಿದಿದ್ದವು. ಚೀಟಿಯಲ್ಲಿ ಬರೆದದ್ದು ಸರಿಯಾಗಿಯೇ ಇತ್ತು, ಓದಿ ಹೇಳಿದವರು ತಪ್ಪಿದ್ದರು. ಎರಡು ವಾರ ಆಸ್ಪತ್ರೆಯಲ್ಲಿದ್ದು ಉಳಿದರು. ಅಂದಿನಿಂದ ನಾನು ಪ್ರತಿಯೊಬ್ಬರನ್ನೂ ‘ನಿಮ್ಮೂರ ಸಂತೆ ಯಾವ ವಾರ?’ ಎಂದು ಕೇಳುತ್ತೇನೆ. ಸಂತೆಯ ದಿನ ರಾತ್ರಿ ಊಟವಾದ ಮೇಲೆ ಈ ಗುಳಿಗೆ. ಸಂತೆ ಇಲ್ಲದ ದಿನ ಇದನ್ನು ಮುಟ್ಟುವಂತಿಲ್ಲ. ಸಂತೆಯನ್ನು ಯಾರೂ ಮರೆಯುವುದಿಲ್ಲ. ಉಪವಾಸದ ವಾರ ಇದ್ದವರಿಗೆ ಆ ದಿನವನ್ನು ಮಾತ್ರ ಬೇಡ ಎನ್ನುತ್ತೇನೆ, ಬರಿಹೊಟ್ಟೆಯಲ್ಲಿ ಹೊಟ್ಟೆ ತೊಳಸುವುದು ಹೆಚ್ಚು. ಫೋಲಿಕ್ ಆ್ಯಸಿಡ್ ಗುಳಿಗೆಯನ್ನು ಬೇರೆ ದಿನ, ವೈದ್ಯರು ಹೇಳಿದಂತೆ, ತಪ್ಪದೆ ತೆಗೆದುಕೊಳ್ಳಿ. ಬಾಯಿಹುಣ್ಣು, ವಾಕರಿಕೆ, ಲಿವರ್ ತೊಂದರೆಗಳನ್ನು ಅದು ತಗ್ಗಿಸುತ್ತದೆ.

ಶುರು ಮಾಡುವ ಮೊದಲು ರಕ್ತಕಣಗಳು, ಲಿವರ್, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್, ಹೆಪಟೈಟಿಸ್ ಬಿ ಮತ್ತು ಸಿ, ಎದೆಯ ಎಕ್ಸ್‌ರೇ ನೋಡಬೇಕು. ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಬೇಕು. ಇದಕ್ಕೆ ಪ್ರತಿ ಸಲ ಹುಬ್ಬಳ್ಳಿಗೆ ಬರಬೇಕಿಲ್ಲ, ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಿಸಿ ವರದಿ ತೋರಿಸಿದರೂ ನಡೆಯುತ್ತದೆ. ಜ್ವರ ಬಂದ ವಾರ ಗುಳಿಗೆ ನಿಲ್ಲಿಸಿ ವೈದ್ಯರನ್ನು ಕೇಳಿ. ಒಣಕೆಮ್ಮು ಮತ್ತು ಉಸಿರುಗಟ್ಟುವಿಕೆ ಹೊಸದಾಗಿ ಕಾಣಿಸಿದರೆ ಕಾಯದೆ ಬನ್ನಿ. ಮೂತ್ರದ ಸೋಂಕಿಗೋ ಭೇದಿಗೋ ಕೋ-ಟ್ರೈಮೊಕ್ಸಜೋಲ್ ಎಂಬ ಗುಳಿಗೆ ಬರೆದರೆ ‘ನಾನು ಮೆಥೋಟ್ರೆಕ್ಸೇಟಿನಲ್ಲಿದ್ದೇನೆ’ ಎಂದು ಹೇಳಿ. ಇವೆರಡೂ ಸೇರಿದರೆ ಮೂಳೆಮಜ್ಜೆ ಕುಸಿಯಬಹುದು. ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಎರಡು ದಿನದಲ್ಲಿ ನೋವು ತೆಗೆದ ಪುಡಿಯ ಜೊತೆ ಹೋಲಿಸಿ ‘ಈ ಗುಳಿಗೆ ಹತ್ತುವುದಿಲ್ಲ’ ಎಂದು ಮೂರನೆಯ ವಾರಕ್ಕೆ ಕೈಬಿಟ್ಟವರು ಬಹಳ ಜನ. ಆ ನಡುವಿನ ಹೊತ್ತಿಗೆ ಸೇತುವೆಯಾಗಿ ಅಳತೆಯ ಪ್ರೆಡ್ನಿಸೊಲೋನ್ ಇದ್ದೇ ಇರುತ್ತದೆ, ನಿಮಗಂತೂ ಅದು ಹೇಗೂ ಬೇಕು.

ಆದರೆ ನಿಮ್ಮ ಮೂರನೆಯ ಪ್ರಶ್ನೆ ಈ ಲೆಕ್ಕವನ್ನೆಲ್ಲ ಬದಲಿಸಬಹುದು. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವಾಗ ಬಸಿರಾದರೆ ಗರ್ಭಪಾತವೂ, ಮಗುವಿನ ಅಂಗಗಳಲ್ಲಿ ದೋಷವೂ ಆಗಬಹುದು. ಅದನ್ನು ತೆಗೆದುಕೊಳ್ಳುವಷ್ಟು ಕಾಲ ಗರ್ಭನಿರೋಧಕ ಕಡ್ಡಾಯ, ಮಗು ಬೇಕೆಂದಾಗ ಕನಿಷ್ಠ ಒಂದರಿಂದ ಮೂರು ತಿಂಗಳು ಮೊದಲೇ ನಿಲ್ಲಿಸಬೇಕು. ಇಲ್ಲಿ ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಬೇಕಾದ ಎರಡು ದಾರಿಗಳಿವೆ. ಒಂದು, ಈಗ ಮೆಥೋಟ್ರೆಕ್ಸೇಟಿನಿಂದ ಬೇನೆಯನ್ನು ಚೆನ್ನಾಗಿ ಹಿಡಿತಕ್ಕೆ ತಂದು, ಒಂದು ವರ್ಷದ ನಂತರ ಅದನ್ನು ನಿಲ್ಲಿಸಿ, ಬಸಿರಿನಲ್ಲಿ ನಡೆಯುವ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್‌ಗಳಿಗೆ ಬದಲಾಯಿಸಿಕೊಂಡು ಮಗುವಿಗೆ ಪ್ರಯತ್ನಿಸುವುದು. ಇನ್ನೊಂದು, ಕೂಡಲೇ ಮಗು ಬೇಕಿದ್ದರೆ ಮೊದಲಿನಿಂದಲೇ ಆ ಎರಡನ್ನು ಶುರು ಮಾಡುವುದು. ಎರಡನೆಯ ದಾರಿಯಲ್ಲಿ ಬೇನೆ ಪೂರ್ತಿ ಅಡಗದೆ ಉಳಿಯುವ ಸಾಧ್ಯತೆ ಹೆಚ್ಚು, ಮತ್ತು ಉರಿಯೂತ ಜೋರಾಗಿರುವಾಗ ಬಸಿರು ನಿಲ್ಲುವುದೂ ತಡವಾಗಬಹುದು. ನಿಮ್ಮ ವಯಸ್ಸು ಮತ್ತು ಈಗಾಗಲೇ ಕಳೆದ ಹತ್ತು ತಿಂಗಳನ್ನು ನೋಡಿದರೆ ನಾನು ಮೊದಲನೆಯದನ್ನು ಸೂಚಿಸುತ್ತೇನೆ, ನಿರ್ಧಾರ ನಿಮ್ಮದು. ಬಸಿರಿನಲ್ಲಿ ಎಷ್ಟೋ ಜನರಿಗೆ ನೋವು ತಾನಾಗಿ ಇಳಿದು, ಹೆರಿಗೆಯಾದ ಕೆಲವು ತಿಂಗಳಲ್ಲಿ ಮರುಕಳಿಸುತ್ತದೆ. ಬಾಣಂತನದಲ್ಲಿ ಕೂಸನ್ನು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ ಬೇಕಾಗುತ್ತದೆ ಎಂಬುದನ್ನು ಮೊದಲೇ ಮನೆಯಲ್ಲಿ ಹೇಳಿಡಿ. ಮೊಲೆಯೂಡಿಸುವಾಗಲೂ ಮೆಥೋಟ್ರೆಕ್ಸೇಟ್ ನಡೆಯುವುದಿಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುವವರು ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರದಂತೆ ನೋಡಿಕೊಂಡು, ಮೊದಲ ವರ್ಷದೊಳಗೆ ಒಮ್ಮೆ ಮತ್ತು ಐದು ವರ್ಷದ ನಂತರ ಪ್ರತಿ ವರ್ಷ ಕಣ್ಣಿನ ಪರದೆ ಪರೀಕ್ಷಿಸಿಕೊಳ್ಳಬೇಕು.

ಈ ಗುಳಿಗೆಗಳಿಂದ ಆಗದಿದ್ದರೆ ಮುಂದೇನು ಎಂದು ಈಗಲೇ ಚಿಂತಿಸಬೇಡಿ, ದಾರಿಗಳಿವೆ ಎಂದಷ್ಟೇ ತಿಳಿದಿರಲಿ. ಮೂರು ತಿಂಗಳಿಗೆ ಅರ್ಧದಷ್ಟಾದರೂ, ಆರು ತಿಂಗಳಿಗೆ ಬಹುಪಾಲು ಬಾವು ಇಳಿದಿರಬೇಕು ಎಂಬುದು ನಮ್ಮ ಗುರಿ; 28 ಕೀಲುಗಳನ್ನು ಒಂದೊಂದಾಗಿ ಎಣಿಸಿ ಅಂಕ ಹಾಕುತ್ತೇವೆ. ಗುರಿ ಮುಟ್ಟದಿದ್ದರೆ ಔಷಧಿಯ ಪ್ರಮಾಣ ಏರಿಸುವುದು, ಗುಳಿಗೆಯ ಬದಲು ಚರ್ಮದಡಿ ಚುಚ್ಚುಮದ್ದಾಗಿ ಕೊಡುವುದು, ಎರಡು ಮೂರು ಔಷಧಿ ಸೇರಿಸುವುದು, ಆಮೇಲೆ ಟೋಫಾಸಿಟಿನಿಬ್‌ನಂಥ ಗುಳಿಗೆ ಅಥವಾ ಅಡಾಲಿಮುಮ್ಯಾಬ್‌ನಂಥ ಬಯಾಲಜಿಕ್ (ಜೀವಕೋಶಗಳಿಂದ ತಯಾರಿಸುವ) ಚುಚ್ಚುಮದ್ದು. ಇವುಗಳ ಖರ್ಚು ಹೆಚ್ಚು, ಮತ್ತು ಮೈಯಲ್ಲಿ ಮಲಗಿರುವ ಕ್ಷಯವನ್ನು ಎಬ್ಬಿಸುವ ಅಪಾಯವಿರುವುದರಿಂದ ನಮ್ಮ ದೇಶದಲ್ಲಿ ಅದರ ಪರೀಕ್ಷೆಯಿಲ್ಲದೆ ಶುರು ಮಾಡುವಂತಿಲ್ಲ. ಟೋಫಾಸಿಟಿನಿಬ್‌ನಲ್ಲಿ ಸರ್ಪಸುತ್ತು ಬರುವುದುಂಟು. ಐವತ್ತು ದಾಟಿದ, ಬೀಡಿ ಸಿಗರೇಟು ಸೇದುವ, ಹೃದಯದ ತೊಂದರೆಯಿರುವವರಿಗೆ ಅದನ್ನು ಬರೆಯುವಾಗ ನಾನು ಎರಡು ಸಲ ಯೋಚಿಸುತ್ತೇನೆ. ಬೇನೆ ಅಡಗಿ ನಿಂತ ಮೇಲೆ ಔಷಧಿಯನ್ನು ಇಳಿಸಬಹುದು. ಪೂರ್ತಿ ಬಿಟ್ಟವರಲ್ಲಿ ಹಲವರಿಗೆ ಮರುಕಳಿಸುತ್ತದೆ, ಆದ್ದರಿಂದ ಸಕ್ಕರೆ ಕಾಯಿಲೆಯಂತೆ ದೀರ್ಘಕಾಲ ಜೊತೆಗಿರುವುದೆಂದೇ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ಚಿಕೂನ್‌ಗುನ್ಯಾವೇ ಎಂದು ಕೊನೆಗೆ ಸಾಬೀತಾದರೂ ಈ ಮಾತುಗಳು ವ್ಯರ್ಥವಲ್ಲ. ಇಷ್ಟು ತಿಂಗಳಾದರೂ ಇಳಿಯದ ಆ ಬಾವಿಗೂ ಇವೇ ಔಷಧಿಗಳನ್ನು ಬಳಸುವುದುಂಟು.

ಮಗಳ ಬಗ್ಗೆ: ವಂಶದ ಪಾತ್ರ ಇದೆ, ಆದರೆ ಹಣೆಬರಹವಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ನೂರಕ್ಕೆ ಸುಮಾರು ಹದಿನೈದು ಜೋಡಿಗಳಲ್ಲಿ ಮಾತ್ರ. ಮಗಳಿಗೆ ಈಗ ಯಾವ ಪರೀಕ್ಷೆಯೂ ಬೇಡ. ಮುಂದೆಂದಾದರೂ ಬೆರಳು ಬಾತು ಆರು ವಾರ ದಾಟಿದರೆ ಆಗ ತೋರಿಸಿ.

ಅತ್ತೆಯವರ ಪಥ್ಯದ ಹಿಂದೆ ಕಾಳಜಿ ಇದೆ. ಬದನೆಕಾಯಿ ನಂಜು, ಮೊಸರು ವಾಯು ಎಂಬುದು ನಮ್ಮಲ್ಲಿ ತಲೆತಲಾಂತರದ ಮಾತು. ಆದರೆ ಅವನ್ನು ಬಿಟ್ಟಿದ್ದರಿಂದ ಈ ಬೇನೆ ನಿಂತದ್ದನ್ನು ನಾನು ಕಂಡಿಲ್ಲ. ಯಾವುದೋ ಒಂದು ಪದಾರ್ಥ ತಿಂದ ದಿನ ನಿಮಗೆ ನೋವು ಹೆಚ್ಚುವುದು ನಿಜವೆನಿಸಿದರೆ ಅದೊಂದನ್ನು ಬಿಡಿ. ಮೊಸರನ್ನು ಮಾತ್ರ ಬಿಡಬೇಡಿ ಎಂದು ಅತ್ತೆಯವರಿಗೆ ನನ್ನ ಪರವಾಗಿ ಹೇಳಿ. ಸ್ಟೀರಾಯ್ಡ್ ಆರು ತಿಂಗಳು ಮೂಳೆಯ ಸುಣ್ಣವನ್ನು ಹೀರಿರುವಾಗ ಹಾಲು, ಮೊಸರು, ರಾಗಿ, ಎಳ್ಳು ನಿಮಗೆ ಬೇಕೇ ಬೇಕು. ಅಗಸೆ ಚಟ್ನಿಯನ್ನು ರೊಟ್ಟಿಯ ಜೊತೆ ಧಾರಾಳವಾಗಿ ತಿನ್ನಿ, ಔಷಧಿಯೆಂದು ನೆಚ್ಚಿಕೊಳ್ಳಬೇಡಿ.

ಕೆಲಸವನ್ನು ಪೂರ್ತಿ ಬಿಡಬೇಕಿಲ್ಲ. ಬಾವು ಜೋರಿರುವ ವಾರಗಳಲ್ಲಿ ಹೆಬ್ಬೆರಳು ತೋರುಬೆರಳಿನಿಂದ ಚಿವುಟುವ ತೊಟ್ಟಿನ ಕೆಲಸ ಬೇಡ, ಅದು ಇದೇ ಕೀಲುಗಳ ಮೇಲೆ ಒತ್ತಡ ಹಾಕುತ್ತದೆ. ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಮಲಗಿ. ಎದ್ದ ಮೇಲೆ ಬಿಸಿನೀರಿನ ಬೋಗುಣಿಯಲ್ಲಿ ಹತ್ತು ನಿಮಿಷ ಎರಡೂ ಕೈ ಇಟ್ಟು ಮೆಲ್ಲಗೆ ಬಿಚ್ಚಿ ಮಡಚಿ. ರೊಟ್ಟಿಯ ಹೊತ್ತನ್ನು ಸಾಧ್ಯವಾದರೆ ಹನ್ನೊಂದಕ್ಕೆ ಸರಿಸಿ.

ವೈದ್ಯರಲ್ಲಿಗೆ ಹೋಗುವಾಗ ಹಳೆಯ ಎಲ್ಲ ಕಾಗದಗಳ ಜೊತೆ ಆ ಪುಡಿಯ ಎರಡು ಪೊಟ್ಟಣವನ್ನೂ ಒಯ್ಯಿರಿ. ಮಧ್ಯಾಹ್ನ ನಿಮ್ಮ ಸರದಿ ಬರುವ ಹೊತ್ತಿಗೆ ಕೈ ಸಡಿಲಾಗಿ, ತೋರಿಸಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ನಾಳೆ ಮುಂಜಾನೆ ಆರಕ್ಕೆ ಎದ್ದ ಕೂಡಲೇ, ನೀರು ಮುಟ್ಟುವ ಮೊದಲು, ಎರಡೂ ಕೈಗಳನ್ನು ಬೆಳಕಿಗೆ ಚಾಚಿ ಒಂದು ಫೋಟೋ, ಮುಷ್ಟಿ ಕಟ್ಟಲು ಪ್ರಯತ್ನಿಸಿ ಇನ್ನೊಂದು ಫೋಟೋ ಮಗಳಿಂದ ಮೊಬೈಲಿನಲ್ಲಿ ತೆಗೆಸಿಟ್ಟುಕೊಳ್ಳಿ.